ಬಲಗಡೆಯ ಟೇಪು

ಆಯುಧಪೂಜೆಗೆಂದು ಗಂಡನ ಸೈಕಲ್ಲಿನ ಹ್ಯಾಂಡಲಿಗೆ ಸುತ್ತಿದ್ದ ಹಳೇ ಟೇಪು ಬಿಚ್ಚುತ್ತಿದ್ದ ಕುಮುದಿನಿಯ ಕೈ ತಟ್ಟನೆ ನಿಂತಿತು. ಕಳೆದ ವರ್ಷ ಎರಡೂ ಕಡೆ ಅವಳೇ ಸುತ್ತಿದ್ದು. ಎಡಗಡೆಯದು ಬೆವರಿಗೆ ಸವೆದು ಕಬ್ಬಿಣ ಇಣುಕುತ್ತಿತ್ತು. ಬಲಗಡೆಯದರ ಮೇಲೆ ಧೂಳು ಕೂತಿತ್ತು.

“ಎಂತ ಮಾರಾಯ್ತಿ, ಬೇಗ ಸುತ್ತು. ವ್ಯಾನೂ ತೊಳೀಲಿಕ್ಕೆ ಉಂಟು,” ಎಂದ ಶೈಲೇಶ್. ದಿನಾ ಶಾಲೆ ಮಕ್ಕಳನ್ನು ತುಂಬಿಕೊಂಡು ನಂತೂರು ಸರ್ಕಲ್ಲಿನ ಲಾರಿಗಳ ನಡುವೆ ಅವನು ನುಗ್ಗಿಸುವ ವ್ಯಾನು ಅದು.

ಹೊಸ ಟೇಪಿನ ತುದಿಯನ್ನು ಹ್ಯಾಂಡಲಿಗೆ ಅಂಟಿಸಿ, ಅವಳು ಸುರುಳಿಯನ್ನು ಅವನತ್ತ ಚಾಚಿದಳು. “ಬಲೆಯ ಹಗ್ಗದ ಹಾಗೆ ಬಿಗಿಯಾಗಿ ಎಳೆದು ಹಿಡೀರಿ.” ಅವನು ಎಡಗೈ ಮುಂದೆ ಮಾಡಿದ.

“ಬಲಗೈಯಲ್ಲಿ,” ಎಂದಳು.

ಸುರುಳಿ ಅವನ ಬಲಗೈ ಬೆರಳುಗಳಿಂದ ಜಾರಿ ಹ್ಯಾಂಡಲಿಗೆ ನೇತುಬಿತ್ತು.

“ಸ್ಟೇರಿಂಗಿಗೆ ಒಂದು ಕೈ ಸಾಕಾಗ್ತದೆ,” ಎಂದ ಅವನು, ಅವಳ ಮುಖ ನೋಡದೆ. “ಇಷ್ಟು ದಿನ ಯಾರಿಗಾದ್ರೂ ಗೊತ್ತಾಯ್ತಾ?”