ಒಂದು ಹಿಡಿ ಬೆಳಕು

ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ಒಂದು ಹಿಡಿ ತೆಗೆದು ಫಕೀರವ್ವ ಸದ್ದಿಲ್ಲದೆ ಗಡಿಗೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿದಳು. ಬೀಸುವ ಮುಂಚೆ ಹಿಡಿ ಜೋಳ ಎತ್ತಿಡುವಂತೆ ಊರಿನ ಹೆಂಗಸರೆಲ್ಲ ದಿನವೂ ಇಷ್ಟು ಬೆಳಕು ಎತ್ತಿಡುತ್ತಿದ್ದರು. ದೇಶದ ರೈಲು, ಗಿರಣಿಗಳೆಲ್ಲ ಅದರಿಂದಲೇ ನಡೆಯುತ್ತಿದ್ದವು. ಬೆಳಕು ಕೂಡಿಸುವ ಬ್ಯಾಂಕಿಗೆ ಗಡಿಗೆ ತುಂಬಿಸಿ ಕೊಟ್ಟ ಮನೆಗೆ ಹೊಳೆಯ ಹೊಸ ಸೇತುವೆಯ ಒಂದು ಕಮಾನು ಸ್ವಂತವಾಗುತ್ತಿತ್ತು.

ಬ್ಯಾಂಕಿನವನು ಬಂದು ಗಡಿಗೆ ಎತ್ತಿ ನೋಡಿದ. "ತುಂಬೈತಲ್ಲ ಯಕ್ಕಾ! ಕಮಾನು ಯಾರ ಹೆಸರಿಗೆ ಬರೀಲಿ? ಯಜಮಾನ್ರ ಹೆಸರು ಹೇಳ್ರಿ."

ಗಂಡನ ಹೆಸರನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಅವಳ ಬದಲು ಹೇಳುತ್ತಿದ್ದ ಅತ್ತೆ ಹೊಲಕ್ಕೆ ಹೋಗಿದ್ದಳು.

"ಹಿಂಗ ನಾಚಿಕೊಂತ ನಿಂತ್ರ ಕಮಾನು ಹೊಳ್ಯಾಗ ಹೋಗತೈತಿ ನೋಡ್ರಿ," ಅವನು ನಕ್ಕ. "ಮನ್ಯಾಗಿನವರದು ಯಾರ್ದರ ಒಂದು ಹೆಸರು ಹೇಳ್ರಿ."

"ಫಕೀರವ್ವ," ಎಂದಳು.

ಅವನು ಬರೆದುಕೊಂಡು ಗಡಿಗೆ ಹೊತ್ತು ಹೋದ. ದೂರದ ಹೊಳೆಯ ಮೇಲೆ ಕಮಾನೊಂದು ತನ್ನ ಕಡೆಗೇ ಬಾಗಿದಂತೆ ಅವಳಿಗೆ ಅನ್ನಿಸಿತು. ತಿರುಗಿದರೆ ಹಿತ್ತಿಲ ಬಾಗಿಲಲ್ಲಿ ಹೊಲದಿಂದ ಮರಳಿದ್ದ ಅತ್ತೆ ಮತ್ತು ಗಂಡ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದರು.

ಅತ್ತೆ ಮಗನ ಮುಖ ನೋಡಿದಳು. ಮಗ ನೆಲ ನೋಡಿದ.

"ಅದೊಂದು ನನ್ನ ಹೆಸರಿಲೇ ಇರ್ಲಿರಿ," ಎಂದಳು ಫಕೀರವ್ವ.