ಸುತ್ತಿಗೆಯ ಗುರುತು

ತಾಮ್ರದ ಮೈಮೇಲೆ ಸುತ್ತಿಗೆಯ ಏಟಿನ ಗುರುತು ಒಂದೇ ಒಂದು ಉಳಿದರೂ ಅಪ್ಪ ಆ ಬಿಂದಿಗೆಯನ್ನು ಗುಜರಿಗೆ ಹಾಕಿಬಿಡುತ್ತಿದ್ದ. ಹಾಗೆ ಕಲಿತವಳು ವನಜಾಕ್ಷಿ. ಈಗ ಆಕಾರವೂ ಅವಳದೇ, ಬಡಿತವೂ ಅವಳದೇ. ಬಿಂದಿಗೆ ಕನ್ನಡಿಯಷ್ಟು ನುಣುಪು. ತಳದಲ್ಲಿ ಒಂದು ಪುಟ್ಟ ಗಿಳಿ ಕೆತ್ತುವುದು ಮಾತ್ರ ಕಲಿಯಲು ಕೂತ ದಿನದಿಂದ ಬಂದ ರೂಢಿ.

ಕರಕುಶಲ ಮೇಳದಲ್ಲಿ ಅವಳ ಮಳಿಗೆಗೆ ಬಂದ ಹೆಂಗಸೊಬ್ಬಳು ಬಿಂದಿಗೆಯ ಮೇಲೆ ಕೈಯಾಡಿಸಿ ಮೂಗು ಮುರಿದಳು.

“ಇದು ಮೆಷಿನ್‌ದು ಅಲ್ವೇನ್ರೀ?”

“ಅಲ್ಲಮ್ಮ, ಕೈಯಲ್ಲೇ ಬಡಿದಿದ್ದು.”

“ಸುಮ್ನಿರಿ. ಕೈಯಲ್ಲಿ ಬಡಿದಿದ್ರೆ ಏಟಿನ ಗುರುತು ಇರ್ತಿರ್ಲಿಲ್ವಾ?”

“ಅದು ಕಾಣದ ಹಾಗೆ ಬಡಿಯೋದೇ ನಮ್ಮ ಕೆಲಸ.”

ಹೆಂಗಸು ನಂಬಲಿಲ್ಲ. ಎದುರಿನ ಹಳೇ ಸಾಮಾನಿನ ಮಳಿಗೆಗೆ ಹೋಗಿ, ಮೈತುಂಬ ತಗ್ಗುದಿಣ್ಣೆಯಿದ್ದ ತಾಮ್ರದ ಬಿಂದಿಗೆಯೊಂದನ್ನು ಕೊಂಡಳು. ಅಷ್ಟಕ್ಕೆ ಬಿಡದೆ ವಾಪಸು ಬಂದು ಅದನ್ನು ವನಜಾಕ್ಷಿಯ ಕೈಗಿಟ್ಟಳು.

“ಕೈಕೆಲಸ ಅಂದ್ರೆ ಇದು. ಇಂಥವರ ಹತ್ರ ಹೋಗಿ ಕಲ್ತ್ಕೊಳ್ಳಿ.”

ವನಜಾಕ್ಷಿ ಬಿಂದಿಗೆಯನ್ನು ಬೋರಲು ಮಾಡಿ ನೋಡಿದಳು. ತಳದಲ್ಲಿ ಎಳೆಯ ಕೈ ಕೆತ್ತಿದ, ಕೊಕ್ಕು ಸೊಟ್ಟಗಿದ್ದ ಗಿಳಿಯೊಂದು ಕೂತಿತ್ತು.