ಕೂಸಿನ ಕೌದಿ

ಸೂಜಿ ಕಾಣಲಿಲ್ಲ. ಸಂಧ್ಯಾರಾಣಿ ದಾರದ ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು, ನೈಟಿ ಕೊಡವಿದಳು, ನೆಲದ ಮೇಲೆಲ್ಲ ಅಂಗೈ ಆಡಿಸಿದಳು. ಕೌದಿ ಮುಗಿಸಿ ಊಟಕ್ಕೆ ಏಳುವಾಗ ಉಂಡೆಗೇ ಚುಚ್ಚಿಟ್ಟಿದ್ದಳಲ್ಲ? ಚುಚ್ಚಿಟ್ಟಿದ್ದಳೇ? ಎದುರಿಗೆ, ಆ ಹೊಸ ಕೌದಿಯ ಮೇಲೆಯೇ, ಹಲ್ಲಿಲ್ಲದ ಬಾಯಿ ತೆರೆದುಕೊಂಡು ಅವಳ ಕೂಸು ಮಲಗಿತ್ತು.

ತಟ್ಟನೆ ಮಗುವನ್ನು ಎತ್ತಿ, ಪಕ್ಕದಲ್ಲಿ ಹಾಸಿದ್ದ ಹಳೇ ಕೌದಿಯ ಮೇಲೆ ಮಲಗಿಸಿದಳು. ಹಲಗೆಯಂತೆ ಬಿರುಸಾದ ಕೌದಿ ಅದು, ಯಾವ ಕಾಲದ್ದೋ ಏನೋ.

ಹೆರಿಗೆಯಾದಾಗಿನಿಂದ ಒಂದು ಯೋಚನೆ ಅವಳ ಬೆನ್ನು ಬಿದ್ದಿತ್ತು. ಇನ್ನೂ ಕೂಡದ ಆ ಪುಟ್ಟ ನೆತ್ತಿ ಮಿಡಿಯುವುದನ್ನು ಕಂಡಾಗಲೆಲ್ಲ, 'ನಾನೇ ಅಲ್ಲಿ ಏನಾದರೂ ಚುಚ್ಚಿಬಿಟ್ಟರೆ?' ಎನ್ನುವ ಯೋಚನೆ. ಬೇಡ ಬೇಡವೆಂದಷ್ಟೂ ಬರುತ್ತಿತ್ತು. ಯಾರಿಗಾದರೂ ಹೇಳಿದರೆ ಕೂಸನ್ನು ಕಿತ್ತುಕೊಂಡು ತನ್ನನ್ನು ಜಗಳೂರಿನ ತವರಿಗೆ ಅಟ್ಟುತ್ತಾರೆಂದು ಹೆದರಿ ಬಾಯಿ ಬಿಟ್ಟಿರಲಿಲ್ಲ. ವಿಚಿತ್ರವೆಂದರೆ, ಚೂಪು ಸೂಜಿ ಹಿಡಿದು ಹಳೇ ಸೀರೆಯ ತುಂಡುಗಳನ್ನು ಜೋಡಿಸಲು ಕೂತರೆ ಆ ಯೋಚನೆ ಬಾಲ ಮುದುರಿಕೊಳ್ಳುತ್ತಿತ್ತು. ಹಸಿರು ಚೌಕಕ್ಕೆ ಕೆಂಪು ಅಂಚು, ಅದರೊಳಗೊಂದು ಹಳದಿ ನವಿಲು. ಕೈ ಓಡುವಷ್ಟು ಹೊತ್ತು ಅವಳಿಗೆ ನೆಮ್ಮದಿ. ಗಂಡನ ಊರಾದ ಸಾಸ್ವೆಹಳ್ಳಿಯ ಗೆಳತಿಯರು ಅರ್ಧ ಹೊಲಿದಾಗಲೇ ಕೌದಿಯ ಫೋಟೊ ಹೊಡೆದು ಸ್ಟೇಟಸ್‌ಗೆ ಹಾಕಿ ಹೊಗಳಿದ್ದೇ ಹೊಗಳಿದ್ದು. ಅವರಿಗೇನು ಗೊತ್ತು, ಪಾಪ.

ಸೂಜಿ ಕೌದಿಯೊಳಗೇ ಉಳಿದಿರಬೇಕು. ಉಳಿದಿತ್ತೋ, ಗೊತ್ತಿದ್ದೂ ತಾನೇ ಉಳಿಸಿದ್ದಳೋ? ಕತ್ತರಿ ತಂದು ಮೂಲೆ ಬಿಚ್ಚಿದಳು. ಕೌದಿಯ ಹೊಟ್ಟೆ ಹಸಿದಿರಬಾರದೆಂದು ವಾಡಿಕೆಯಂತೆ, ಕೊನೆಯ ಹೊಲಿಗೆ ಹಾಕುವ ಮುನ್ನ ಒಳಗಿಟ್ಟಿದ್ದ ಹೋಳಿಗೆಯ ಚೂರು ಉದುರಿತು. ಸೂಜಿ ಇಲ್ಲ. ಇನ್ನೊಂದು ಸಾಲು ಬಿಚ್ಚಿದಳು. ನವಿಲಿನ ಕತ್ತು ಕಳಚಿಕೊಂಡಿತು. ಅಳುತ್ತಲೇ ಬಿಚ್ಚುತ್ತ ಹೋದಳು.

"ಅಯ್ಯೋ, ಏನ್ ಮಾಡಾಕತ್ತೀಯೇ ತಾಯಿ!" ಹಿತ್ತಲಿಂದ ಬಂದ ಅತ್ತೆ ದ್ಯಾಮಮ್ಮ ಬಾಗಿಲಲ್ಲೇ ನಿಂತಳು.

"ಸೂಜಿ ಅತ್ತೆ... ಕೂಸಿನ ಕೆಳಗೆ..."

"ಸೂಜಿ ಇಲ್ಲೈತಲ್ಲೇ! ಕಾಲಿಗೆ ಜಾಲಿಮುಳ್ಳು ಹೊಕ್ಕಿತ್ತು, ತೆಗೆಯಾಕೆ ಒಯ್ದಿದ್ದೆ." ಕುಪ್ಪಸದ ತೋಳಿಗೆ ಸಿಕ್ಕಿಸಿಕೊಂಡಿದ್ದ ಸೂಜಿಯನ್ನು ತೆಗೆದು ಚಾಚಿದಳು.

ಸಂಧ್ಯಾರಾಣಿ ಗೋಡೆಯತ್ತ ಸರಿದಳು. "ನನ್ನ ಕೈಗೆ ಕೊಡಬ್ಯಾಡ್ರಿ. ನಾನು ಕೂಸಿಗೆ ಏನಾರ ಮಾಡಿಬಿಡ್ತೀನೇನೋ ಅಂತ ಅನ್ನಿಸ್ತೈತೆ ರೀ."

ಮಾತು ಹೊರಬಿದ್ದೇಬಿಟ್ಟಿತು. ಇನ್ನು ತವರಿನ ಬಸ್ಸೇ ಗತಿ ಎಂದು ಕಣ್ಣು ಮುಚ್ಚಿದಳು.

ಅತ್ತೆ ಬೈಯಲಿಲ್ಲ. ಬಂದು ಮಗುವಿನ ಪಕ್ಕ ಕೂತು, ಸೊಸೆಯ ಬೆರಳು ಬಿಡಿಸಿ ಸೂಜಿ ಹಿಡಿಸಿದಳು. ಮಗು ಮಲಗಿದ್ದ ಹಳೇ ಕೌದಿಯ ಅಂಚನ್ನು ಅವಳ ಮುಂದೆ ಎತ್ತಿ ಹಿಡಿದಳು.

"ಎಲ್ಲಿ, ಇದಕ್ಕೆ ಸೂಜಿ ಇಳಿಸು ನೋಡಾನ."

ಸಂಧ್ಯಾರಾಣಿ ಒತ್ತಿದಳು. ಇಳಿಯಲಿಲ್ಲ. ಜಾಗ ಬದಲಿಸಿ ಒತ್ತಿದಳು, ಅಲ್ಲೂ ಇಳಿಯಲಿಲ್ಲ. ಬಟ್ಟೆಯೇ ಕಾಣದ ಹಾಗೆ ಹೊಲಿಗೆಯ ಮೇಲೆ ಹೊಲಿಗೆ, ಅದರ ಮೇಲೆ ಮತ್ತೆ ಹೊಲಿಗೆ.

"ನಿನ್ನ ಗಂಡ ತೊಟ್ಲಾಗಿದ್ದಾಗ ಹೊಲಿದಿದ್ದು," ಅಂದಳು ದ್ಯಾಮಮ್ಮ. "ಯಾಕೆ ಹಿಂಗೆ ಹೊಲಿದೆ ಅಂತ ಇವತ್ತಿಗೂ ಯಾರೂ ಕೇಳಿಲ್ಲ."